ಬದುಕಿದ್ದವಳ ಸಾವಿಗೆ ಬಂದ ನೆಂಟರು

ಊರಿಗೆ ಯಾರೋ ಬರುತ್ತಾರೆ. ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿರುತ್ತದೆ. ಸ್ವಲ್ಪ ಹಾಗೇ ಇರಿ, ಅಲ್ಲಾಡಬೇಡಿ ಎನ್ನುತ್ತಾರೆ. ನಾಲ್ಕು ಫೋಟೋ ತೆಗೆಯುತ್ತಾರೆ, ನಗುತ್ತಾರೆ, ಹೊರಟುಹೋಗುತ್ತಾರೆ. ಆ ಫೋಟೋ ಎಲ್ಲಿಗೆ ಹೋಯಿತು, ಅದರ ಕೆಳಗೆ ಯಾರು ಏನು ಬರೆದರು ಎಂದು ನಾವು ಕೇಳುವುದಿಲ್ಲ.

ಘಾನಾ ದೇಶದ ವೋಲ್ಟಾ ಸರೋವರದ ದಂಡೆಯಲ್ಲಿರುವ ಅನ್ಯಿಕೋಪೆಯಲ್ಲೂ ಯಾರೂ ಕೇಳಿರಲಿಲ್ಲ. ಅದು ಮಡಕೆ ಮಾಡುವ ಹೆಂಗಸರ ಊರು. ಅಲ್ಲಿ ಮಡಕೆ ತಿರುಗಿಸುವ ತಿಗರಿ ಇಲ್ಲ. ಮಡಕೆ ನಿಂತಲ್ಲೇ ನಿಂತಿರುತ್ತದೆ, ಹೆಂಗಸು ಸೊಂಟ ಬಗ್ಗಿಸಿಕೊಂಡು ಅದರ ಸುತ್ತ ತಿರುಗುತ್ತಾಳೆ. ಹಾಗೆ ತಿರುಗುವವರಲ್ಲಿ ಎಲ್ಲರಿಗಿಂತ ಹಿರಿಯಳು ಅಜೋವಿ. ಅವಳ ಮಡಕೆಯೆಂದರೆ ಸಂತೆಯ ಹೆಂಗಸರು ಬೆರಳಿಂದ ಬಡಿದೂ ನೋಡದೆ ಕೊಳ್ಳುತ್ತಿದ್ದರು. ಅವಳ ಮಾತಿಗೂ ಊರಲ್ಲಿ ಅಷ್ಟೇ ಬೆಲೆ. ಅವಳು ಬೇಡ ಎಂದರೆ ಉಳಿದ ಮಡಕೆಯವರೂ ಬೇಡ ಎನ್ನುತ್ತಿದ್ದರು.

ಅಜೋವಿಯ ಅಣ್ಣನ ಮಗಳು ಫಾಫಾಲಿ ಊರ ಶಾಲೆಯಲ್ಲಿ ಟೀಚರು. ರಜೆ ಬಂದರೆ ಅವಳು ಹೋ ಎಂಬ ಪಟ್ಟಣಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳಂಥ ಹುಡುಗ ಹುಡುಗಿಯರು ಒಂದು ಗುಂಪು ಕಟ್ಟಿಕೊಂಡಿದ್ದರು. ತಮ್ಮ ತಮ್ಮ ಊರಿನ ಜನ ಮಾಡುವ ಕೆಲಸದ ಫೋಟೋ, ವಿಡಿಯೋ, ನಾಲ್ಕು ಸಾಲಿನ ಬರಹ ಇವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವಂತೆ ಹಾಕುವುದು ಅವರ ಕೆಲಸ. ಕೆಂಟೆ ಬಟ್ಟೆ ನೇಯುವವರು, ಮೀನು ಹೊಗೆಯಲ್ಲಿ ಒಣಗಿಸುವವರು, ಡೋಲು ಕೆತ್ತುವವರು ಎಲ್ಲರೂ ಅದರಲ್ಲಿದ್ದರು. ಅನ್ಯಿಕೋಪೆಯ ದೋಣಿ ಕಟ್ಟುವವರನ್ನೂ ಮರಗೆಣಸಿನ ಹಿಟ್ಟು ಹುರಿಯುವ ಹೆಂಗಸರನ್ನೂ ಫಾಫಾಲಿ ಹೆಸರು ಸಮೇತ ಹಾಕಿದ್ದಳು. ಮಡಕೆಯವರು ಮಾತ್ರ ಬಾಕಿ.

ಅವಳು ಅತ್ತೆಯನ್ನು ಎಷ್ಟೋ ಸಲ ಕೇಳಿದ್ದಳು.

"ಅತ್ತೆ, ನೀನು ಮಾಡೋದನ್ನ ಫೋನಲ್ಲಿ ಹಿಡೀತೀನಿ. ಕೆಳಗೆ ನಿನ್ನ ಹೆಸರು, ನಮ್ಮೂರ ಹೆಸರು ಹಾಕ್ತೀನಿ, ಅಷ್ಟೇ."

"ಯಾಕೆ, ನನ್ನ ಹೆಸರೇನು ಕಳೆದುಹೋಗಿದೆಯಾ? ನಿಮ್ಮಪ್ಪನಿಗೆ ಗೊತ್ತು, ಸಂತೆಗೆ ಗೊತ್ತು. ಸಾಕು."

"ನಮ್ಮ ಬಗ್ಗೆ ನಾವು ಹೇಳದೇ ಇದ್ರೆ ಬೇರೆಯವರು ಹೇಳ್ತಾರೆ ಅತ್ತೆ."

"ಹೇಳ್ಲಿ ಬಿಡು. ಬೇರೆಯವರ ಬಾಯಿಗೆ ಮುಚ್ಚಳ ಮಾಡೋಕೆ ನನ್ನ ಹತ್ರ ಮಣ್ಣಿಲ್ಲ."

ಒಂದು ಶನಿವಾರ ಬೆಳಿಗ್ಗೆ ಅಜೋವಿ ಅಂಗಳದಲ್ಲಿ ಮಣ್ಣು ಕಲಸಿ ತುಳಿಯುತ್ತಿದ್ದಳು. ಆ ವಾರ ಸಿಡಿಲು ಬಡಿದು ಊರಿನ ಟವರು ಕೆಟ್ಟಿತ್ತು. ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಗಂಡ ಡೋತ್ಸೆ ಬಲೆ ಬಿಡಿಸುತ್ತ ಕೂತಿದ್ದ. ಆಗ ರಸ್ತೆಯಲ್ಲಿ ಒಂದು ಬಾಡಿಗೆ ವ್ಯಾನು ಬಂದು ನಿಂತಿತು. ಅದರೊಳಗಿಂದ ಸಾವಿಗೆ ಉಡುವ ಕಪ್ಪು ಕೆಂಪು ಬಟ್ಟೆ ಉಟ್ಟ ಜನ ಒಬ್ಬೊಬ್ಬರಾಗಿ ಇಳಿದರು. ಇಳಿಯುವಾಗಲೇ ಅಳು. ತಲೆಯ ಮೇಲೆ ಕೈ ಹೊತ್ತುಕೊಂಡು ಗೋಳಾಡುತ್ತ ಅವರೆಲ್ಲ ಅಂಗಳದತ್ತ ಬಂದರು.

ಅಜೋವಿ ತುಳಿಯುವುದನ್ನು ನಿಲ್ಲಿಸಿದಳು. ಮುಂದೆ ಬರುತ್ತಿದ್ದವನು ಎಲಿಕೆಮ್, ಅಫ್ಲಾವೋ ಪಟ್ಟಣದಲ್ಲಿರುವ ಅವಳ ಅಕ್ಕ ಕಾಫುಯಿಯ ಮಗ. ಅವನ ಹಿಂದೆ ಅಕ್ಕನ ಸೊಸೆ, ನಾದಿನಿ, ಓರಗಿತ್ತಿಯರು. ಬಂದವರಲ್ಲಿ ಅಕ್ಕ ಇರಲಿಲ್ಲ. ಹಾಗಾದರೆ ಹೋದದ್ದು ಅಕ್ಕನೇ ಎಂದುಕೊಂಡಳು ಅಜೋವಿ. ಮಣ್ಣು ಮೆತ್ತಿದ ಕಾಲಲ್ಲೇ ಓಡಿಬಂದು, ಅಯ್ಯೋ ಅಕ್ಕಾ ಎಂದು ಬಾಯಿಬಡಿದುಕೊಂಡು ಅಳತೊಡಗಿದಳು.

ಬಂದವರ ಅಳು ಅಲ್ಲಿಗೇ ನಿಂತುಹೋಯಿತು.

ನಾದಿನಿ ಒಬ್ಬಳು ಹಿಂದೆ ಸರಿದು ಬೇಲಿಗೆ ಬಿದ್ದಳು. ಇನ್ನೊಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಲಿಕೆಮ್ ಎರಡು ಕೈಯನ್ನೂ ಮುಂದೆ ಚಾಚಿ, ಹತ್ತಿರ ಬರಬೇಡ ಎಂಬಂತೆ ನಿಂತ.

"ಯಾರಪ್ಪ ಹೋದ್ರು? ಹೇಳೋ ಎಲಿಕೆಮ್, ಯಾರು ಹೋದದ್ದು?" ಎಂದು ಅಜೋವಿ ಕೇಳಿದಳು.

"ನೀನೇ, ಚಿಕ್ಕಮ್ಮ" ಎಂದ.

ಡೋತ್ಸೆ ಬಲೆ ಕೆಳಗಿಟ್ಟು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ, ಒಂದು ಗಳಿಗೆ ತನಗೇ ಅನುಮಾನ ಬಂದವನ ಹಾಗೆ. ಅಜೋವಿ ತನ್ನ ಕೈಗಳನ್ನು ನೋಡಿಕೊಂಡಳು. ಹಸಿಮಣ್ಣು ಮೊಳಕೈ ತನಕ ಮೆತ್ತಿತ್ತು. ಎಲಿಕೆಮ್ ಮೆಲ್ಲನೆ ಮುಂದೆ ಬಂದು, ಬಿಸಿ ಪಾತ್ರೆ ಮುಟ್ಟುವವನಂತೆ ಬೆರಳ ತುದಿಯಿಂದ ಅವಳ ಭುಜ ಮುಟ್ಟಿದ. ಮುಟ್ಟಿದವನೇ ಅಲ್ಲೇ ಕುಸಿದು ಕೂತು, ನಿಜವಾದ ಅಳು ಅತ್ತ.

ಗದ್ದಲ ಕೇಳಿ ಫಾಫಾಲಿ ಓಡಿ ಬಂದಳು. ಉಳಿದ ಮಡಕೆಯ ಹೆಂಗಸರೂ ಬಂದರು. ಎಲಿಕೆಮ್ ಇಂಟರ್ನೆಟ್ಟಿನಿಂದ ತೆಗೆದು ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದ ಒಂದು ಚಿತ್ರ ತೋರಿಸಿದ. ಅದು ಅಜೋವಿಯದೇ ಮುಖ. ದೊಡ್ಡ ನೀರಿನ ಮಡಕೆಯ ಮೇಲೆ ಬಗ್ಗಿದ್ದಾಳೆ. ಕೆಲವು ವರ್ಷದ ಹಿಂದೆ ಬಂದಿದ್ದ ಯಾರೋ ತೆಗೆದದ್ದು. ಆದರೆ ಚಿತ್ರದಲ್ಲಿ ಬಣ್ಣವಿರಲಿಲ್ಲ. ಯಾರೋ ಅದನ್ನು ಕಪ್ಪು ಬಿಳುಪು ಮಾಡಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಫಾಫಾಲಿ ಅದನ್ನು ಓದಿ ಹೇಳಿದಳು. ವೋಲ್ಟಾ ದಂಡೆಯ ಕೊನೆಯ ಮಡಕೆಗಾರ್ತಿ ಇನ್ನಿಲ್ಲ, ಅವಳೊಂದಿಗೆ ಆ ವಿದ್ಯೆಯೂ ಮಣ್ಣಾಯಿತು ಎಂದು ಅದರಲ್ಲಿತ್ತು. ಅವಳ ಹೆಸರಿರಲಿಲ್ಲ. ಊರಿನ ಹೆಸರೂ ಇರಲಿಲ್ಲ. ಸಾವಿರಾರು ಜನ ಅದರ ಕೆಳಗೆ ಅಳುವ ಮುಖದ ಬೊಂಬೆ ಒತ್ತಿದ್ದರು. ಆತ್ಮಕ್ಕೆ ಶಾಂತಿ ಸಿಗಲಿ ಎಂದು ಎಲ್ಲೆಲ್ಲಿನವರೋ ಬರೆದಿದ್ದರು.

"ಕೊನೆಯವಳು ಅಂದ್ರೆ, ನಾವು?" ಎಂದಳು ಲೆಬೆನೆ. ಅವಳು ಅಜೋವಿಯ ಪಕ್ಕದ ಮನೆಯವಳು, ಮಡಕೆಯವಳೇ. "ನಾವೂ ಸತ್ತಿದೀವಾ? ನಮ್ಮದು ಯಾವಾಗ ಆಯ್ತಂತೆ?"

ಯಾರಿಗೂ ನಗು ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ಅಜೋವಿ, ಅಕ್ಕ ಯಾಕೆ ಬರಲಿಲ್ಲ ಎಂದು ಕೇಳಿದ್ದಳು. ಎಲಿಕೆಮ್ ತಲೆ ತಗ್ಗಿಸಿ ಹೇಳಿದ.

ಅಕ್ಕ ಕಾಫುಯಿಗೆ ಆ ಚಿತ್ರ ತೋರಿಸಿದ್ದು ಪಕ್ಕದ ಮನೆಯ ಹೆಂಗಸು. ಇದು ನಿನ್ನ ತಂಗಿಯಲ್ಲವಾ ಎಂದು ಕೇಳಿದ್ದಳು. ಹೌದು ಎಂದು ಕಾಫುಯಿ ಖುಷಿಯಾಗಿ ನೋಡಿದಳು. ಆಮೇಲೆ ಆ ಹೆಂಗಸು ಕೆಳಗಿನ ಬರಹ ಓದಿದಳು. ಎಲಿಕೆಮ್ ಊರಿಗೆ ಫೋನು ಮಾಡಿದ, ಹತ್ತಲಿಲ್ಲ. ಫಾಫಾಲಿಗೆ ಮಾಡಿದ, ಹತ್ತಲಿಲ್ಲ. ಯಾರ ಫೋನೂ ಹತ್ತುತ್ತಿಲ್ಲ, ಅಂದಮೇಲೆ ಸಾವಿನ ಮನೆಯೇ ಎಂದುಕೊಂಡರು. ಅದೇ ಸಂಜೆ ಕಾಫುಯಿ ಅಂಗಳದಲ್ಲಿ ಬಿದ್ದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ವಾರೆಯಾಗಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿ ಇವರು ತಂಗಿಯ ಮಣ್ಣಿಗೆ ಬಂದಿದ್ದರು.

ಅಜೋವಿ ಕೈಕಾಲು ಕೂಡ ಸರಿಯಾಗಿ ತೊಳೆಯಲಿಲ್ಲ. ಅದೇ ವ್ಯಾನು ಹತ್ತಿದಳು. ಫಾಫಾಲಿಯೂ ಜೊತೆಗೆ ಹತ್ತಿದಳು. ಸಾವಿಗೆಂದು ಬಂದವರೆಲ್ಲ ಸೂತಕದ ಬಟ್ಟೆಯಲ್ಲೇ ಕೂತಿದ್ದರು. ನಡುವೆ ಅಜೋವಿ, ಮಣ್ಣಿನ ಬಟ್ಟೆಯಲ್ಲಿ. ದಾರಿಯುದ್ದಕ್ಕೂ ನಾದಿನಿಯರು ಕದ್ದು ಕದ್ದು ಅವಳನ್ನು ನೋಡುತ್ತಿದ್ದರು.

ನಡುದಾರಿಯಲ್ಲಿ ಪೊಲೀಸರು ಅಡ್ಡ ಹಾಕಿದರು. ಒಬ್ಬ ಪೊಲೀಸ್ ಒಳಗೆ ತಲೆ ಹಾಕಿ, ಬಟ್ಟೆ ನೋಡಿ, ಟೋಪಿ ತೆಗೆದು, ಯಾರು ತೀರಿಕೊಂಡದ್ದು ಎಂದು ಕೇಳಿದ. ಎಲಿಕೆಮ್ ಅಜೋವಿಯ ಕಡೆ ಕೈ ತೋರಿಸಿ, "ಇವರೇ" ಎಂದ. ಪೊಲೀಸಿನವನ ಮುಖ ಗಂಟಾಯಿತು. ಫಾಫಾಲಿ ಫೋನು ತೋರಿಸಿ ನಡೆದದ್ದನ್ನು ವಿವರಿಸಿದಳು. ಅವನು ಫೋನನ್ನೂ ಅಜೋವಿಯ ಮುಖವನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ:

"ಅಮ್ಮ, ನಾನೂ ನಿನ್ನೆ ಇದಕ್ಕೆ ಅಳೋ ಬೊಂಬೆ ಒತ್ತಿದ್ದೆ. ನಮ್ಮಜ್ಜಿನೂ ಮಡಕೆ ಮಾಡ್ತಿದ್ಲು, ಅದಕ್ಕೆ."

ತನ್ನ ಸಾವಿಗೆ ಅತ್ತವನಿಗೆ ಏನು ಹೇಳುವುದು? ಬರ್ತೀನಪ್ಪ ಎಂದಷ್ಟೇ ಅಂದಳು ಅಜೋವಿ. ಈ ದೇಶದಲ್ಲಿ ತನ್ನನ್ನು ಕಾಣದವರೆಲ್ಲ ತನ್ನನ್ನು ಹೂತುಬಿಟ್ಟಿದ್ದಾರೆ ಎಂಬುದು ಅವಳಿಗೆ ಆಗ ಪೂರ್ತಿ ತಿಳಿಯಿತು.

ಆಸ್ಪತ್ರೆಯಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು.

ಕಾಫುಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಜೋವಿ, ಅಕ್ಕಾ ಎಂದಳು. ಕಾಫುಯಿ ತಿರುಗಿದಳು. ತಂಗಿಯನ್ನು ಕಂಡ ಅವಳ ಕಣ್ಣಲ್ಲಿ ಸಂತೋಷ ಬರಲಿಲ್ಲ. ಅವಳು ಎಡಗೈಯಿಂದ ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡಳು. ತೊದಲುತ್ತ ಕೇಳಿದಳು:

"ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ?"

ಅಜೋವಿ ಮಂಚದ ಹತ್ತಿರಕ್ಕೆ ಹೋದಳು. ತಾನು ಸತ್ತಿಲ್ಲ ಎಂದು ಹೇಳಿದಳು. ಕಾಫುಯಿ ನಂಬಲಿಲ್ಲ. ಸತ್ತವರೆಲ್ಲ ಹಾಗೇ ಹೇಳುವುದು ಎಂಬಂತೆ ಕಣ್ಣು ಮುಚ್ಚಿಕೊಂಡಳು. ಎಲಿಕೆಮ್ ಹೇಳಿದ, ದಾದಿ ಹೇಳಿದಳು, ಫಾಫಾಲಿ ಹೇಳಿದಳು. ಕಾಫುಯಿ ಬರಿದೆ ನಡುಗುತ್ತಿದ್ದಳು. ಜೊತೆಯಲ್ಲಿ ಹುಟ್ಟಿ, ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ಅಕ್ಕ ತನ್ನನ್ನು ನೋಡಿ ಹೆದರುತ್ತಿದ್ದಾಳೆ. ಬದುಕಿದ್ದೇನೆ ಎಂದು ಅವಳಿಗೆ ತೋರಿಸಿಕೊಡುವುದು ಹೇಗೆ?

ಮಂಚದ ಪಕ್ಕದಲ್ಲಿ ಸೊಸೆ ತಂದಿಟ್ಟ ಊಟ ಹಾಗೇ ಇತ್ತು. ಜೋಳದ ಹಿಟ್ಟಿನ ಮುದ್ದೆ, ಬೆಂಡೆಕಾಯಿಯ ಸಾರು. ಅಜೋವಿ ಮಂಚದ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಒಂದು ತುತ್ತು ನುಂಗಿದಳು. ಇನ್ನೊಂದು ನುಂಗಿದಳು. ಬೆಂಡೆಯ ಲೋಳೆ ಗದ್ದಕ್ಕಿಳಿಯಿತು. ಕಾಫುಯಿ ಕಣ್ಣು ತೆರೆದು ನೋಡುತ್ತಿದ್ದಳು.

"ಉಪ್ಪು ಸಾಲದು" ಎಂದಳು ಅಜೋವಿ. "ನಿನ್ನ ಸೊಸೆಗೆ ಹೇಳು. ಸತ್ತೋರಿಗೂ ಇದನ್ನ ಬಡಿಸೋಕಾಗಲ್ಲ."

ಕಾಫುಯಿಯ ಸೊಟ್ಟ ಬಾಯಿ ಸ್ವಲ್ಪ ಅಲುಗಿತು. ಅವಳ ಎಡಗೈ ಹೊದಿಕೆಯಿಂದ ಹೊರಗೆ ಬಂದು ತಂಗಿಯ ಮೊಳಕೈ ಮೇಲೆ ಒಣಗಿದ್ದ ಮಣ್ಣನ್ನು ಕೆರೆಯಿತು. ಮಣ್ಣು ಪುಡಿಪುಡಿಯಾಗಿ ಉದುರಿತು. ಆಮೇಲೆ ಇಬ್ಬರೂ ಅತ್ತರು. ವಾರ್ಡಿನಲ್ಲಿದ್ದವರೆಲ್ಲ ಅತ್ತರು.

ಕಾಫುಯಿ ಉಳಿದಳು. ಮಾತು ಬಹುಪಾಲು ಮರಳಿತು, ಕಾಲು ಎಳೆದುಕೊಂಡು ನಡೆಯುವಂತಾದಳು. ಬಲಗೈ ಮಾತ್ರ ಮರಳಲಿಲ್ಲ. ಎರಡು ಸಾಲಿನ ಸುಳ್ಳಿಗೆ ಒಂದು ಕೈ ಹೋಯಿತು.

ಊರಿಗೆ ಬಂದ ಮೇಲೆ ಅಜೋವಿ ಕೆಲವು ದಿನ ಮಣ್ಣು ಮುಟ್ಟಲಿಲ್ಲ. ನಾನು ಮೊದಲೇ ಹೇಳಿದ್ದೆ ಎಂದು ಫಾಫಾಲಿ ಅಂದಾಳು ಎಂದು ಕಾದಳು. ಫಾಫಾಲಿ ಆ ಮಾತನ್ನೇ ಎತ್ತಲಿಲ್ಲ. ಟವರು ರಿಪೇರಿಯಾದ ಮೇಲೆ ಆ ಚಿತ್ರ ಹಾಕಿದವನಿಗೆ ಕಾಗದದ ಮೇಲೆ ಕಾಗದದಂತೆ ಸಂದೇಶ ಕಳಿಸುತ್ತಿದ್ದಳು. ಕಡೆಗೊಮ್ಮೆ ಅವನಿಂದ ಉತ್ತರ ಬಂತು. ಅವನು ಊರಿಗೆ ಬಂದವನೇ ಅಲ್ಲ, ಎಲ್ಲಿಯೋ ದೂರದವನು. ವೋಲ್ಟಾ ದಂಡೆ ಎಂದಷ್ಟೇ ಬರೆದಿದ್ದ, ಹೆಸರಿಲ್ಲದ ಒಂದು ಫೋಟೋ ಅವನಿಗೆ ಎಲ್ಲೋ ಸಿಕ್ಕಿತ್ತು. ಚೆನ್ನಾಗಿ ಕಾಣಲಿ ಎಂದು ಬಣ್ಣ ತೆಗೆದಿದ್ದ. ಇನ್ನಷ್ಟು ತಿಳಿಯೋಣವೆಂದು ಹುಡುಕಿದಾಗ ಆ ದಂಡೆಯ ಮಡಕೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಒಂದಕ್ಷರವೂ ಸಿಕ್ಕಿರಲಿಲ್ಲ. ಏನೂ ಇಲ್ಲವೆಂದರೆ ಎಲ್ಲ ಮುಗಿದಿರಬೇಕು ಎಂದುಕೊಂಡು ಬರೆದುಬಿಟ್ಟಿದ್ದ. ಕ್ಷಮಿಸಿ ಎಂದು ಬರೆದಿದ್ದ.

"ಬಣ್ಣ ತೆಗೆದ ಕೈಲೇ ನನ್ನ ಪ್ರಾಣನೂ ತೆಗೆದನಾ?" ಎಂದಳು ಅಜೋವಿ.

ಅವನು ಚಿತ್ರ ಅಳಿಸಿದ. ಆದರೆ ಅಷ್ಟರಲ್ಲಿ ಅದು ನೂರಾರು ಕಡೆ ಹರಡಿತ್ತು. ಅಲ್ಲೆಲ್ಲ ಅಜೋವಿ ಇನ್ನೂ ಸತ್ತೇ ಇದ್ದಳು.

ಡೋತ್ಸೆಗೆ ರೇಗಿತು. ಇಷ್ಟಾದ ಮೇಲೂ ಆ ಫೋನಿನ ಸಹವಾಸ ಯಾಕೆ, ಎತ್ತಿ ನೀರಿಗೆ ಎಸೆಯಿರಿ ಎಂದ. ಮಡಕೆಯ ಹೆಂಗಸರೆಲ್ಲ ಆಗ ಅಂಗಳದಲ್ಲಿ ಸೇರಿದ್ದರು.

"ಎಸೆದ್ರೆ ಅತ್ತೆ ಅಲ್ಲಿ ಬದುಕ್ತಾಳಾ ಮಾವ?" ಎಂದಳು ಫಾಫಾಲಿ. "ಅವರು ಬರೆದಿದ್ದನ್ನೆಲ್ಲ ಅಳಿಸೋದು ನಮ್ಮ ಕೈಲಿಲ್ಲ. ಆದ್ರೆ ಹುಡುಕಿದೋರಿಗೆ ನಿಜಾನೂ ಸಿಗಬೇಕಲ್ಲ? ಅದನ್ನ ಇಡೋದು ನಮ್ಮ ಕೈಲಿದೆ. ನಾವು ಖಾಲಿ ಬಿಟ್ಟ ಜಾಗದಲ್ಲೇ ಅವನು ಬಂದು ಬರೆದಿದ್ದು."

ಲೆಬೆನೆಗೆ ಇನ್ನೊಂದು ಹೆದರಿಕೆ. ನೋಡಿದವರೆಲ್ಲ ನಮ್ಮ ವಿದ್ಯೆ ಕಲಿತು ಕದ್ದುಬಿಟ್ಟರೆ ಎಂದು ಕೇಳಿದಳು.

ಅಜೋವಿ ಅವಳ ಕಡೆ ತಿರುಗಿದಳು. "ನೀನು ಮದುವೆಯಾಗಿ ಬಂದಾಗಿಂದ ನನ್ನ ಪಕ್ಕದಲ್ಲೇ ಕೂತು ನೋಡ್ತಿದೀಯಲ್ಲ ಲೆಬೆನೆ, ನಿನ್ನ ಮಡಕೆ ಕತ್ತು ಇನ್ನೂ ನೆಟ್ಟಗಾಗಿಲ್ಲ. ಫೋನಲ್ಲಿ ನೋಡ್ದೋರು ಕಲೀತಾರಾ?"

ಆ ಘಟನೆಯ ಮೇಲೆ ಅಂಗಳದಲ್ಲಿ ಮೊದಲ ಸಲ ನಗು ಕೇಳಿಸಿತು. ಲೆಬೆನೆಯೂ ನಕ್ಕಳು.

ಆದರೆ ಫಾಫಾಲಿ ಲೆಬೆನೆಯ ಮಾತನ್ನು ತಳ್ಳಿಹಾಕಲಿಲ್ಲ. ಒಂದು ಸಲ ಹಾಕಿದ್ದನ್ನು ಪೂರ್ತಿ ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ಹಾಕುವ ಮೊದಲೇ ಯೋಚಿಸಬೇಕು ಎಂದಳು. ಯಾರ ಚಿತ್ರವಾದರೂ ಅವರನ್ನು ಕೇಳಿಯೇ ತೆಗೆಯಬೇಕು. ಬೇಡ ಎಂದವರನ್ನು ಬಿಡಬೇಕು. ಹೆಸರು, ಊರು, ಯಾವ ವರ್ಷ, ಯಾವ ಕೆಲಸ ಇಷ್ಟನ್ನು ಚಿತ್ರದ ಜೊತೆಗೇ ಬರೆಯಬೇಕು. ಮಾತು ನಮ್ಮ ಎವೆ ಭಾಷೆಯಲ್ಲೇ ಇರಲಿ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಹಾಕೋಣ. ಮಕ್ಕಳ ಮುಖ ಬೇಡ. ಹೊರಗಿನವರಿಗೆ ತೋರಿಸಬಾರದ್ದು ಏನಿದೆಯೋ ಅದನ್ನು ನೀವೇ ಹೇಳಿ, ಅದು ಹೊರಗೆ ಹೋಗುವುದಿಲ್ಲ ಎಂದಳು.

ಹೆಂಗಸರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. ಮಣ್ಣು ಅಗೆಯುವ ಮೊದಲು ಗುಂಡಿಯ ಹತ್ತಿರ ಗತಿಸಿದ ಹಿರಿಯರಿಗೆ ಪೂಜೆ ಸಲ್ಲಿಸುವುದು ತಮ್ಮೊಳಗೇ ಇರಲಿ ಎಂದರು. ಲೆಬೆನೆ, ನನ್ನ ಮುಖ ಬೇಡ, ಕೈ ಮಾತ್ರ ತೋರಿಸು ಎಂದಳು. ಹಾಗೇ ಆಗಲಿ ಎಂದಳು ಫಾಫಾಲಿ.

ಮಾರನೆಯ ದಿನ ಅಜೋವಿ ಹೊಸ ಮಣ್ಣು ಹದ ಮಾಡಿದಳು. ಫಾಫಾಲಿ ಫೋನು ಹಿಡಿದಳು. ಆ ಸಣ್ಣ ಗಾಜಿನ ಹಿಂದೆ ತನಗಾಗಿ ಅತ್ತ ಸಾವಿರಾರು ಜನ ಕೂತಿದ್ದಾರೆ ಎನಿಸಿ ಅಜೋವಿ ಮತ್ತೆ ಮಣ್ಣಿನ ಕಡೆ ತಿರುಗಿದಳು. ಡೋತ್ಸೆ ನೀರು ತಂದು ಕೊಟ್ಟ. ಮೆಲ್ಲಗೆ, "ಹೇಳೇ, ನಾನಿದೀನಿ" ಎಂದ. ಅವನೂ ಅಷ್ಟು ಹೊತ್ತಿಗೆ ಒಪ್ಪಿಕೊಂಡಿದ್ದ.

"ನಾನು ಅಜೋವಿ" ಎಂದಳು ಅವಳು. "ಅನ್ಯಿಕೋಪೆಯವಳು. ನಾನು ಸತ್ತಿಲ್ಲ. ನಾನು ಕೊನೆಯವಳೂ ಅಲ್ಲ. ನಮ್ಮೂರಲ್ಲಿ ಮಡಕೆ ಮಾಡೋರು ಇಷ್ಟು ಜನ ಇದೀವಿ, ಒಬ್ಬೊಬ್ಬರಾಗಿ ಹೆಸರು ಹೇಳ್ತಾರೆ, ಕೇಳಿ."

ಆಮೇಲೆ ಅವಳು ಬಗ್ಗಿ ಮಡಕೆಯ ಸುತ್ತ ತಿರುಗತೊಡಗಿದಳು. ಅಂಚು ಎತ್ತುವುದು, ಕಾಯಿಯ ಚಿಪ್ಪಿನಿಂದ ಉಜ್ಜುವುದು, ಕೆಮ್ಮಣ್ಣು ಬಳಿಯುವುದು ಎಲ್ಲವನ್ನೂ ತೋರಿಸಿದಳು. ಒಣಗಿದ ಮೇಲೆ ಬಯಲಲ್ಲಿ ಹುಲ್ಲು ಕಟ್ಟಿಗೆ ಒಟ್ಟಿ ಸುಡುವುದನ್ನೂ ಫಾಫಾಲಿ ಹಿಡಿದಳು. ಎಲ್ಲರ ಹೆಸರು ಬರೆದು, ಎಲ್ಲರಿಗೂ ಒಮ್ಮೆ ಓದಿ ಹೇಳಿ, ಅವರು ಸರಿ ಎಂದ ಮೇಲೆ ಅದನ್ನು ಇಂಟರ್ನೆಟ್ಟಿಗೆ ಹಾಕಿದಳು.

ಸುಳ್ಳು ಓಡಿದಷ್ಟು ಜೋರಾಗಿ ನಿಜ ಓಡಲಿಲ್ಲ. ಇದನ್ನು ಮುಚ್ಚಿಡಬಾರದು. ಆದರೆ ಅದು ನಿಲ್ಲಲೂ ಇಲ್ಲ. ಪಕ್ಕದ ಟೋಗೋ ದೇಶದಿಂದ ಒಬ್ಬ ಮುದುಕಿ, ನಮ್ಮ ಕಡೆ ಅಂಚನ್ನು ಒದ್ದೆ ಎಲೆಯಿಂದ ಸವರುತ್ತೇವೆ ಎಂದು ಮೊಮ್ಮಗಳ ಕೈಲಿ ಬರೆಸಿದಳು. ಉತ್ತರದ ಒಂದು ಊರಿನ ಮಡಕೆಯವರು ತಮ್ಮ ಕೆಲಸದ ವಿಡಿಯೋ ಕಳಿಸಿದರು. ಮದುವೆಯಾಗಿ ಪಟ್ಟಣಕ್ಕೆ ಹೋಗಿದ್ದ ಅನ್ಯಿಕೋಪೆಯ ಹುಡುಗಿಯೊಬ್ಬಳು, ರಜೆಯಲ್ಲಿ ಬರುತ್ತೇನೆ, ನನಗೂ ಕಲಿಸು ಎಂದು ಅಜೋವಿಗೆ ಫೋನು ಮಾಡಿದಳು. ಸತ್ತ ವಿದ್ಯೆಯನ್ನು ಕಲಿಯಲು ಯಾರು ಬರುತ್ತಾರೆ? ಇದೆ ಎಂದು ಗೊತ್ತಾದರೆ ತಾನೇ ಬರುವುದು?

ಅಫ್ಲಾವೋದಲ್ಲಿ ಕಾಫುಯಿ ಸುಮ್ಮನೆ ಕೂರಲಿಲ್ಲ. ತಂಗಿಯ ಸಾವಿನ ಆ ಚಿತ್ರ ಎಲ್ಲಿ ಕಂಡರೂ ಎಲಿಕೆಮ್‌ನನ್ನು ಕರೆದು ಫೋನು ಹಿಡಿಸಿಕೊಳ್ಳುತ್ತಾಳೆ. ಸೊಟ್ಟ ಬಾಯಲ್ಲಿ, ತಡೆತಡೆದು, ಅಲ್ಲಿ ಒಂದೇ ಮಾತು ಹಾಕಿಸುತ್ತಾಳೆ: "ಇವಳು ನನ್ನ ತಂಗಿ ಅಜೋವಿ. ಬದುಕಿದಾಳೆ. ಅಳೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಿ."

ಓದುತ್ತಿರುವ ಅಕ್ಕ, ಅಣ್ಣ, ಈ ಮಾತು ನಿಮಗೂ ಸೇರಿದ್ದು. ಹೆಸರು, ಊರು ಇಲ್ಲದ ಚಿತ್ರ ನಿಮ್ಮ ಫೋನಿಗೆ ಬಂದರೆ ಅದನ್ನು ಮುಂದಕ್ಕೆ ತಳ್ಳುವ ಮೊದಲು ನಿಜವೇ ಎಂದು ವಿಚಾರಿಸಿ. ಯಾರಾದರೂ ನಿಮ್ಮ ಫೋಟೋ ತೆಗೆದರೆ ಎಲ್ಲಿ ಹಾಕುತ್ತೀರಿ, ಏನು ಬರೆಯುತ್ತೀರಿ ಎಂದು ಕೇಳಿ. ಕೇಳುವುದು ನಾಚಿಕೆಯಲ್ಲ. ನೀವು ಬೇರೆಯವರ ಫೋಟೋ ತೆಗೆದರೆ ಅವರ ಒಪ್ಪಿಗೆ ಪಡೆಯಿರಿ, ಹೆಸರು ಬರೆಯಿರಿ. ನಿಮ್ಮ ಕೈಯಲ್ಲಿ ಮಡಕೆ ಇರಲಿ, ಮಗ್ಗ ಇರಲಿ, ಒನಕೆ ಇರಲಿ, ಬಲೆ ಇರಲಿ, ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಮಾತಿನಲ್ಲಿ ಲೋಕಕ್ಕೆ ಕಾಣಲಿ. ಫೋನು ಬಳಸಲು ಬಾರದಿದ್ದರೆ ಮನೆಯಲ್ಲಿ, ಸಂಘದಲ್ಲಿ, ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ.

ನೀವು ಇದ್ದೀರಿ ಎಂದು ಬೇರೆ ಯಾರೋ ಬಂದು ಹೇಳಲಿ ಎಂದು ಕಾಯಬೇಡಿ. ಅವರು ಇಲ್ಲ ಎಂದೂ ಹೇಳಬಹುದು.